ಅರ್ಧ ತಾಸು ತಡವಾಗಿ ನೋಡಿದ ಸಿನಿಮಾ

ಒಂದು ಸಿನಿಮಾದ ಸಲುವಾಗಿ ನಮ್ಮಕ್ಕ ನನ್ನೊಡನೆ ಮಾತು ಬಿಟ್ಟಳು. ನಮ್ಮ ಮನೆತನದಲ್ಲಿ ಮಾತು ಬಿಡುವುದು ಹೊಸದೇನಲ್ಲ. ಹೊಲದ ಬದುವಿಗೆ ಬಿಟ್ಟವರಿದ್ದಾರೆ, ಮದುವೆಯಲ್ಲಿ ಸರಿಯಾದ ಸೀರೆ ಉಡಿಸಲಿಲ್ಲವೆಂದು ಬಿಟ್ಟವರಿದ್ದಾರೆ, ಯಾಕೆ ಬಿಟ್ಟೆವೆಂಬುದನ್ನೇ ಮರೆತು ಅಭ್ಯಾಸಬಲದಿಂದ ಮುಂದುವರಿಸಿದವರೂ ಇದ್ದಾರೆ. ಸಿನಿಮಾಕ್ಕೆ ಬಿಟ್ಟವಳು ಇವಳೊಬ್ಬಳೇ. ತಪ್ಪು ನನ್ನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಪ್ಪು ಹೇಗಾಯಿತೆಂದು ತಿಳಿಯಬೇಕಾದರೆ ನಾನು ಎಂಥ ಪ್ರೇಕ್ಷಕ ಎಂಬುದನ್ನು ಮೊದಲು ಹೇಳಬೇಕು.

ನಾನು ಬ್ಯಾಡಗಿಯವನು. ಮೆಣಸಿನಕಾಯಿ ಯಾರ್ಡಿನಲ್ಲಿ ಮಾಲು ನೋಡುವುದು ನನ್ನ ಕೆಲಸ. ದೂರದೂರಿನ ಖರೀದಿದಾರರು ನನ್ನ ಕಣ್ಣು, ಮೂಗು ನಂಬಿಕೊಂಡು ಕೊಳ್ಳುತ್ತಾರೆ. ಚೀಲದ ಬಾಯಿ ಬಿಚ್ಚಿದೊಡನೆ ಮೇಲೆ ಕಾಣುವ ಕೆಂಪನೆಯ, ಸುಕ್ಕು ಸುಕ್ಕಾದ ಕಾಯಿ ನೋಡಿ ಆಹಾ ಎನ್ನುವವನು ಈ ದಂಧೆಗೆ ಬರಬಾರದು. ಮೊಳಕೈ ಮುಳುಗುವ ತನಕ ಕೈ ಹಾಕಿ, ನಡುವಿನ ಒಂದು ಹಿಡಿ ತೆಗೆಯಬೇಕು. ಮುರಿದು ನೋಡಬೇಕು, ಮೂಸಬೇಕು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ಒಳಗೆ ಬೀಜ ಗಲಗಲ ಅನ್ನುತ್ತದೆಯೋ ಇಲ್ಲವೋ ಕೇಳಬೇಕು. ಚೀಲದ ಬಾಯಿಗೆ ಒಳ್ಳೆಯ ಕಾಯಿ ಇಡುವುದನ್ನು ನಾನು ಮೋಸ ಎನ್ನುವುದಿಲ್ಲ. ಮದುವೆಗೆ ಹೊರಟಾಗ ನಾವೂ ಹರಿದ ಬನಿಯನ್ನಿನ ಮೇಲೆ ಇಸ್ತ್ರಿ ಅಂಗಿ ಹಾಕುತ್ತೇವೆ. ಆದರೆ ಅಂಗಿ ನೋಡಿ ಮನುಷ್ಯನಿಗೆ ಬೆಲೆ ಕಟ್ಟಬಾರದು, ಅಷ್ಟೇ.

ಇದೇ ಪದ್ಧತಿಯನ್ನು ನಾನು ಸಿನಿಮಾಕ್ಕೂ ಹಚ್ಚಿದ್ದೆ. ವಾರಕ್ಕೊಂದು ಸಿನಿಮಾ ನನ್ನ ಚಟ. ಹಾವೇರಿಗೋ ರಾಣೆಬೆನ್ನೂರಿಗೋ ಗಾಡಿ ಹೊಡೆದುಕೊಂಡು ಹೋಗುವುದು, ಟಿಕೆಟು ತೆಗೆದು ಕಿಸೆಯಲ್ಲಿ ಇಟ್ಟುಕೊಳ್ಳುವುದು, ಆಟ ಶುರುವಾದ ಮೇಲೂ ಟಾಕೀಜಿನ ಎದುರಿನ ಅಂಗಡಿಯಲ್ಲಿ ಆರಾಮವಾಗಿ ಕುಳಿತು ಚಹಾ ಕುಡಿಯುವುದು. ಮೊದಲ ಅರ್ಧ ತಾಸು ಎಂದರೆ ಚೀಲದ ಬಾಯಿ. ಮೊದಲು ಹೀರೋನ ಬೂಟು ತೋರಿಸುತ್ತಾರೆ, ಆಮೇಲೆ ಕೈಗಡಿಯಾರ, ಆಮೇಲೆ ಬೆನ್ನು. ಪಾದದಿಂದ ಮೂಗಿನ ತನಕ ಬರಲು ಕಾಲು ತಾಸು. ಅದರ ಹಿಂದೆಯೇ ಊರ ಮಂದಿಯೆಲ್ಲ ಕೆಲಸ ಬಿಟ್ಟು ಅವನ ಸುತ್ತ ಕುಣಿಯುವ ಹಾಡು. ಇಷ್ಟಕ್ಕೆ ದುಡ್ಡು ಸುರಿಯದ ನಿರ್ಮಾಪಕ ಯಾರಿದ್ದಾನೆ? ಆದ್ದರಿಂದ ಅದು ಮುಗಿದ ಮೇಲೆಯೇ ನಾನು ಒಳಗೆ ಕೈ ಹಾಕುತ್ತಿದ್ದೆ. ರಾಣೆಬೆನ್ನೂರಿನ ಟಾಕೀಜಿನ ಗೇಟಿನವನಿಗೂ ರೂಢಿಯಾಗಿತ್ತು.

“ಬಂದ್ರಿ? ಕುಣಿಯೋದು ಮುಗೀತು, ಈಗ ಹೋಗ್ರಿ,” ಎನ್ನುತ್ತಿದ್ದ.

ಈ ಪದ್ಧತಿ ಗೇಟಿನವನಿಗೆ, ಚಹಾದವನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿಯೂ ಇರಲಿಲ್ಲ. ಕಾರಣ, ನನ್ನ ಅಭಿಪ್ರಾಯಕ್ಕೆ ಒಂದು ತೂಕ ಬಂದಿತ್ತು. ನಮ್ಮ ಬಳಗದ್ದೊಂದು ಮೊಬೈಲ್ ಗುಂಪಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರಿನ ಕಾಕಾ, ಮಾವ, ಅತ್ತೆ, ಸೊಸೆಯಂದಿರು ಅದರಲ್ಲಿ ಇದ್ದಾರೆ. ಸಿನಿಮಾ ನೋಡಿ ಬಂದವನೇ ನಾನು ಅದರಲ್ಲಿ ಮೂರು ನಿಮಿಷ ಮಾತಾಡಿ, ರೆಕಾರ್ಡು ಮಾಡಿ ಬಿಡುತ್ತಿದ್ದೆ. ಬಾಯಿಗೆ ಬಂದದ್ದು ಹೇಳುವುದು, ಯಾರ ಮುಲಾಜೂ ಇಲ್ಲ. ನಾನು ಹೋಗಬಹುದು ಅಂದರೆ ಮಂದಿ ಹೋಗುತ್ತಿದ್ದರು, ಬೇಡ ಅಂದರೆ ಮನೆಯಲ್ಲಿ ಚುರುಮುರಿ ಕಲಸಿಕೊಂಡು ಟಿವಿ ನೋಡುತ್ತಿದ್ದರು. ಊರಲ್ಲಿ ಮೆಂಬರಾಗಿ ಗೆದ್ದವರಿಗೂ ಇಷ್ಟು ಮರ್ಯಾದೆ ಇರಲಿಲ್ಲ.

ಸ್ವಲ್ಪ ಮಾದರಿ ಹೇಳುತ್ತೇನೆ. ಒಂದು ಸಿನಿಮಾದ ಕೊನೆಯ ಹೊಡೆದಾಟ ಮೆಣಸಿನಕಾಯಿ ಗೋದಾಮಿನಲ್ಲಿ ನಡೆಯಿತು. ಇಪ್ಪತ್ತು ಜನ, ಕೆಂಪು ರಾಶಿ, ರಾಶಿಯ ಮೇಲೆ ಬಿದ್ದು ಹೊರಳಾಟ, ಪುಡಿ ಮುಗಿಲು ಮುಟ್ಟುತ್ತದೆ. ಒಬ್ಬನಾದರೂ ಸೀನಬೇಕಲ್ಲ? ಇಲ್ಲ. ನಮ್ಮ ಯಾರ್ಡಿಗೆ ಹೊಸದಾಗಿ ಬಂದವರು ಹತ್ತು ಹೆಜ್ಜೆ ನಡೆಯುವುದರೊಳಗೆ ಕಣ್ಣು ಮೂಗು ಒಂದು ಮಾಡಿಕೊಳ್ಳುತ್ತಾರೆ. ಹೋಗಲಿ, ಹೊಡೆದಾಟ ಮುಗಿದ ಮೇಲೆ ಹೀರೋ ಅದೇ ಕೈಯಿಂದ ಹೀರೋಯಿನ್ನಿನ ಗಲ್ಲ ಸವರಿದ. ಅವಳು ನಕ್ಕಳು! ನಾನು ಗುಂಪಿನಲ್ಲಿ, “ಆ ಹುಡುಗಿ ಖರೇ ಪ್ರೀತಿ ಮಾಡಾಕತ್ತಾಳ ನೋಡ್ರಿ, ನಾ ಹಂಗ ಮುಟ್ಟಿದ್ರ ನನ್ನ ಹೇಣ್ತಿ ತವರಮನಿಗೆ ಹೋಗ್ತಿದ್ಲು,” ಎಂದೆ. ಅದನ್ನು ಹೆಂಡತಿಯೂ ಕೇಳಿದಳು. “ಈಗೂ ಹೋಗ್ತೇನಿ,” ಎಂದಳು.

ದೆವ್ವದ ಸಿನಿಮಾಗಳ ಬಗ್ಗೆ ನನ್ನ ತಕರಾರು ಬೇರೆ. ದೆವ್ವ ಕರೆಂಟು ಹೋದಾಗಲೇ ಬರುತ್ತದೆ. ನಮ್ಮ ಕಡೆ ಬಂದಿದ್ದರೆ ಪಾಪ, ಅದಕ್ಕೆ ಬಿಡುವೇ ಇರುತ್ತಿರಲಿಲ್ಲ. ಎರಡು ಭಾಗದ ಸಿನಿಮಾ ಎಂದರೆ ಮೈ ಉರಿಯುತ್ತದೆ. ಊಟಕ್ಕೆ ಕುಳ್ಳಿರಿಸಿ, ಪಲ್ಯ ಬಡಿಸಿ, ರೊಟ್ಟಿ ಮುಂದಿನ ವರ್ಷ ಕೊಡುತ್ತೇವೆ ಎಂದ ಹಾಗೆ. ಇನ್ನು ಸಿನಿಮಾದ ತಾಯಂದಿರು! ಮೂವತ್ತು ತುಂಬದ ಹುಡುಗಿಯ ಕಿವಿಯ ಹತ್ತಿರದ ಕೂದಲಿಗೆ ಎರಡು ಬೆರಳು ಬಿಳಿ ಹಿಟ್ಟು ಹಚ್ಚಿ, ಎದುರಿಗೆ ನಲವತ್ತೈದು ದಾಟಿದ ಹೀರೋನನ್ನು ನಿಲ್ಲಿಸಿ ಮಗನೇ ಎನ್ನಿಸುತ್ತಾರೆ. ಮಗ ಹೆತ್ತವಳನ್ನು ಕಂಕುಳಲ್ಲಿ ಎತ್ತಿಕೊಳ್ಳುವ ಹಾಗಿರುತ್ತಾನೆ.

ಬರೀ ಬೈಯುವುದೇ ನನ್ನ ಕಸುಬಲ್ಲ. ಒಮ್ಮೆ ಹಾವೇರಿಯಲ್ಲಿ ಪ್ರಶಸ್ತಿ ಬಂದ ಸಿನಿಮಾ ಎಂದು ಹೆಸರಾದದ್ದೊಂದು ಎರಡೇ ದಿನ ನಡೆಯಿತು. ಒಳಗೆ ನಾವು ನಾಲ್ಕು ಜನ, ಅದರಲ್ಲಿ ಇಬ್ಬರು ಫ್ಯಾನಿನ ಗಾಳಿಗೆ ಬಂದವರು. ನಾನು ಒಳಗೆ ಹೋದಾಗ ಒಬ್ಬ ಬಾವಿಯನ್ನು ನೋಡುತ್ತ ನಿಂತಿದ್ದ. ಶೇಂಗಾದ ಪೊಟ್ಟಣ ಖಾಲಿಯಾದರೂ ನೋಡುತ್ತಲೇ ಇದ್ದ. ಎದ್ದು ಬರಬೇಕು ಎನ್ನುವಷ್ಟರಲ್ಲಿ ಒಬ್ಬ ಹೆಂಗಸು ತೊಳೆದ ಧೋತರವನ್ನು ಹಿಂಡಿ, ಎರಡು ಸಲ ಫಟ್ ಫಟ್ ಎಂದು ಕೊಡವಿ, ಹಗ್ಗಕ್ಕೆ ಹಾಕಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಸರಿಮಾಡಿದಳು. ನಮ್ಮವ್ವ ಹಾಗೆಯೇ ಮಾಡುತ್ತಿದ್ದಳು. ಆ ಸಿನಿಮಾದ ಕಥೆ ನನಗೆ ಇವತ್ತಿಗೂ ತಿಳಿದಿಲ್ಲ, ಆದರೆ ಮೂರು ದಿನ ಆ ಧೋತರ ಕಣ್ಣ ಮುಂದೆ ಇತ್ತು. ಗುಂಪಿನಲ್ಲಿ ನೂರಕ್ಕೆ ತೊಂಬತ್ತು ಕೊಟ್ಟೆ. ನನ್ನ ಮಾತು ನಂಬಿ ಹೋದ ನಮ್ಮ ಕಾಕಾ ಇನ್ನೂ ನನ್ನನ್ನು ಕಂಡರೆ, “ಬಾವಿ ನೋಡಾಕ ಕಳಿಸಿದ್ದೆಲ್ಲೊ, ಮಗನ,” ಎನ್ನುತ್ತಾನೆ.

ಈ ಎಲ್ಲ ಮಾತನ್ನೂ ತಪ್ಪದೆ ಕೇಳುತ್ತಿದ್ದವಳು ನಮ್ಮಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು, ಕೊಟ್ಟದ್ದು ಹಲಗೇರಿಯ ಒಕ್ಕಲು ಮನೆತನಕ್ಕೆ, ಈಗ ಇರುವುದು ರಾಣೆಬೆನ್ನೂರಿನಲ್ಲಿ. ಅವಳ ಗಂಡ, ನಮ್ಮ ಮಾಮಾ, ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಅವನ ಸಿನಿಮಾ ವಿಮರ್ಶೆ ಒಂದೇ: ಬಸ್ಸಿನಲ್ಲಿ ಹಾಡು ಹಾಡುವವರು ಯಾರೂ ಟಿಕೆಟು ತೆಗೆಸಿರುವುದಿಲ್ಲ. ಅಕ್ಕ ಮಾತ್ರ ನನ್ನ ಮಾತು ಕೇಳಿ ಫೋನು ಹಚ್ಚಿ ವಾದ ಮಾಡುತ್ತಿದ್ದಳು, ಬೈಯುತ್ತಿದ್ದಳು, ಕೊನೆಗೆ, “ಇರ್ಲಿ ಬಿಡು, ನೀ ಸುಳ್ಳಂತೂ ಹೇಳಂಗಿಲ್ಲ,” ಎಂದು ಇಡುತ್ತಿದ್ದಳು. ಆ ಮಾತಿಗೆ ನಾನು ಉಬ್ಬಿ ಹೋಗುತ್ತಿದ್ದೆ.

ಆ ಶನಿವಾರ ಹಾವೇರಿಯಲ್ಲಿ ಕೆಲಸವಿತ್ತು. ಹಿಂದಿನ ದಿನವಷ್ಟೇ ಬಂದ ಹೊಸ ಸಿನಿಮಾ ಒಂದಿತ್ತು, ನಮ್ಮ ಕಡೆಯ ಕಥೆಯಂತೆ, ಹೊಳೆಸಾಲಿನ ಹಳ್ಳಿಯದಂತೆ. ಎಂದಿನಂತೆ ಚಹಾ ಕುಡಿದು, ಎಂದಿನಂತೆ ತಡವಾಗಿ ಒಳಗೆ ಹೋದೆ. ಹೀರೋ ಆಗಲೇ ಊರು ಬಿಟ್ಟು ಪಟ್ಟಣ ಸೇರಿದ್ದ. ಮುಂದಿನದೆಲ್ಲ ಕಾರು, ಗಾಜಿನ ಕಟ್ಟಡ, ಕೋಟು. ನಮ್ಮ ಕಡೆಯ ಕಥೆ ಎಂದು ಕರೆದು ಕಾರಿನ ಕಥೆ ತೋರಿಸಿದರಲ್ಲ ಎಂದು ನನಗೆ ಸಿಟ್ಟು ಬಂತು. ಹೊರಗೆ ಬಂದು, ಗಾಡಿಯ ಮೇಲೆ ಕುಳಿತು, ಗುಂಪಿಗೆ ಹೀಗೆ ಮಾತಾಡಿ ಬಿಟ್ಟೆ:

“ಯಾರೂ ಹೋಗಬ್ಯಾಡ್ರಿ. ನಮ್ಮ ಕಡಿ ಸಿನಿಮಾ ಅಂತ ಬೋರ್ಡ್ ಹಾಕ್ಯಾರ, ಒಳಗ ನಮ್ಮ ಕಡ್ಯಾವ್ರು ಒಬ್ರೂ ಇಲ್ಲ. ಇಡೀ ಸಿನಿಮಾದಾಗ ರೊಟ್ಟಿ ತಿಂದ ಮುಖ ಒಂದೂ ಕಾಣಲಿಲ್ಲ. ಎಲ್ಲಾ ಬೇಕರಿ ಮಾಲು.”

ಬೇಕರಿ ಮಾಲು ಎಂಬ ಮಾತು ನನಗೇ ಬಹಳ ಹಿಡಿಸಿತು. ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಬ್ಯಾಡಗಿಗೆ ಬಂದೆ.

ಮನೆಗೆ ಬಂದು ಕೈಕಾಲು ತೊಳೆಯುವುದರೊಳಗೆ ಮಾಮಾನ ಫೋನು.

“ಏನ ಮಾಡಿದ್ಯೋ ಮಾರಾಯಾ,” ಎಂದ. ದನಿ ಸಣ್ಣದಾಗಿತ್ತು, ಅಡುಗೆಮನೆಗೆ ಕೇಳಬಾರದೆಂದು ಹಿತ್ತಲಲ್ಲಿ ನಿಂತಂತಿತ್ತು. “ಆ ಸಿನಿಮಾದಾಗ ನಿಮ್ಮಕ್ಕ ಅದಾಳ.”

ನಾನು ನಕ್ಕೆ. ಮಾಮಾ ನಗಲಿಲ್ಲ.

ಆಮೇಲೆ ಅವನು ಹೇಳಿದ ಕಥೆ ಇದು. ಹೋದ ವರ್ಷ ಅಕ್ಕ ಐರಣಿಯಲ್ಲಿರುವ ನಾದಿನಿಯ ಮನೆಗೆ ಹೋದಾಗ ಹೊಳೆಯ ದಂಡೆಯಲ್ಲಿ ಶೂಟಿಂಗ್ ನಡೆದಿತ್ತು. ಹೀರೋ ಊರು ಬಿಡುವ ಮುಂಜಾನೆ ಒಬ್ಬ ಹಿರಿಯ ಹೆಂಗಸು ಬಿಸಿ ರೊಟ್ಟಿ ಬಡಿದು ಅವನಿಗೆ ಉಣ್ಣಲು ಕೊಡಬೇಕು. ಆ ಪಾತ್ರಕ್ಕೆ ಬಂದಿದ್ದ ನಟಿ ಬಡಿದ ರೊಟ್ಟಿ ಒಂದೂ ಹಂಚಿಗೆ ಹೋಗಲಿಲ್ಲ. ಒಂದು ಹರಿಯಿತು, ಒಂದು ಕೈಗೆ ಹತ್ತಿತು, ಇನ್ನೊಂದು ನಕಾಶೆಯ ಹಾಗೆ ಆಯಿತು. ನೋಡುತ್ತ ನಿಂತಿದ್ದ ಹೆಂಗಸರ ನಡುವಿನಿಂದ ಅಕ್ಕ, “ಅಯ್ಯ, ಸರೀರಿ ಆ ಕಡೆ,” ಎಂದು ಹೋಗಿ ಕುಳಿತು ಮೂರು ರೊಟ್ಟಿ ಬಡಿದಳಂತೆ. ಡೈರೆಕ್ಟರು ಅವಳನ್ನು ಏಳಿಸಲೇ ಇಲ್ಲ. ಒಂದು ಮಾತನ್ನೂ ಹೇಳಿಸಿದನಂತೆ.

ಇದನ್ನು ಅಕ್ಕ ನಮ್ಮ ಬಳಗದಲ್ಲಿ ಯಾರಿಗೂ ಹೇಳಲಿಲ್ಲ. ಓಣಿಯ ಹೆಂಗಸರಿಗಷ್ಟೇ ಗೊತ್ತು. ಮಾಮಾ ನನಗೆ ಹೇಳಲು ಹೋದಾಗ ಅವಳು ತಡೆದಿದ್ದಳು. “ಅಕ್ಕ ಅಂತ ಗೊತ್ತಾದ್ರ ಮುಲಾಜಿಗೆ ಚಲೋ ಅಂತಾನ. ಗೊತ್ತಿಲ್ಲದ ನೋಡ್ಲಿ. ಯಾರೋ ಒಬ್ಬಾಕಿ ಅಂತ ನೋಡಿ, ಏನಂತಾನ ಕೇಳೂಣು.” ಸಿನಿಮಾ ಬಂದ ಶುಕ್ರವಾರ ಓಣಿಯವರೆಲ್ಲ ಹೋದರು, ಮಾಮಾನೂ ಹೋದ, ಬಂದು ಎಲ್ಲರೂ ಭಾರೀ ಇತ್ತು ಎಂದರು. ಅಕ್ಕ ಹೋಗಲಿಲ್ಲ. ನನ್ನ ಮಾತು ಬಂದ ಮೇಲೆ ನನ್ನೊಡನೆಯೇ ನೋಡುವುದು ಎಂದು ಹಟ ಹಿಡಿದು ಕುಳಿತಳು. ಶನಿವಾರ ನನ್ನ ದನಿ ಬಂದಿತು ಎಂದಕೂಡಲೇ ಓಣಿಯ ಏಳೆಂಟು ಹೆಂಗಸರನ್ನು ಕರೆದು, ಚಹಾಕ್ಕೆ ಇಟ್ಟು, ಫೋನಿನ ಸೌಂಡು ದೊಡ್ಡದು ಮಾಡಿ, “ಕೇಳ್ರಿ, ನನ್ನ ತಮ್ಮ ಸುಳ್ಳು ಹೇಳಂಗಿಲ್ಲ,” ಎಂದು ಹಚ್ಚಿದಳಂತೆ.

ರೊಟ್ಟಿ ತಿಂದ ಮುಖ ಒಂದೂ ಕಾಣಲಿಲ್ಲ.

“ಚಾ ಹಂಗ ಉಕ್ಕಿ ಹೋತು ನೋಡಪಾ, ಯಾರೂ ಇಳಸಲಿಲ್ಲ,” ಎಂದ ಮಾಮಾ.

ಕೂಡಲೇ ಅಕ್ಕನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ, ಕಟ್ ಮಾಡಿದಳು. ಹಾಗಾದರೆ ಫೋನು ಕೈಯಲ್ಲೇ ಇದೆ ಎಂದಾಯಿತು. ಅದು ಇನ್ನೂ ಕೆಟ್ಟದ್ದು.

ಮರುದಿನ ಬೆಳಿಗ್ಗೆಯೇ ರಾಣೆಬೆನ್ನೂರಿಗೆ ಹೋದೆ. ಅಕ್ಕ ನನ್ನನ್ನು ನೋಡಿ ಒಳಗೆ ಹೋದಳು. ನೀರು ಬಂತು, ಚಹಾ ಬಂತು, ಮಂಡಕ್ಕಿ ಒಗ್ಗರಣೆ ಬಂತು, ಎಲ್ಲವನ್ನೂ ಮಾಮಾ ತಂದ. ಬಾಗಿಲ ಆಚೆಯಿಂದ ಅವಳು ಮಾತಾಡುತ್ತಿದ್ದುದು ಗಂಡನೊಡನೆ.

“ರೀ, ಬಂದಾವರಿಗೆ ಹೇಳ್ರಿ. ಇದು ಬೇಕರಿ ಮಾಲಲ್ಲ, ಮನ್ಯಾಗ ಮಾಡಿದ್ದು, ಸೇರತೈತೋ ಇಲ್ಲೋ.”

ಮಾಮಾ ನನ್ನ ಕಡೆ ತಿರುಗಿ, “ಸೇರತೈತೇನು?” ಎಂದ, ಅನುವಾದಕನ ಹಾಗೆ.

ನನಗೆ ಬೇರೆ ದಾರಿ ಕಾಣಲಿಲ್ಲ. ಬಾಗಿಲಿಗೆ ಮುಖ ಮಾಡಿ ನಿಜ ಹೇಳಿಬಿಟ್ಟೆ. ನಾನು ಯಾವ ಸಿನಿಮಾದ ಮೊದಲ ಅರ್ಧ ತಾಸನ್ನೂ ನೋಡುವುದಿಲ್ಲ, ಎಷ್ಟೋ ವರ್ಷಗಳಿಂದ ನೋಡಿಲ್ಲ, ಚೀಲದ ಬಾಯಿ ನಂಬಬಾರದೆಂದು ನನ್ನದೊಂದು ಪದ್ಧತಿ, ನಾನು ಒಳಗೆ ಹೋಗುವುದರೊಳಗೆ ನಿನ್ನ ಸೀನು ಮುಗಿದಿತ್ತು.

ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಮಾಮಾ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ.

“ಅಂದ್ರ ನೀ ಇಷ್ಟು ವರ್ಷ ಅರ್ಧಾ ಹಾದಿಗೆ ಬಸ್ ಹತ್ತಿ, ಪೂರಾ ಊರು ಕಂಡೇನಿ ಅಂತ ಹೇಳಾಕತ್ತಿದ್ದಿ?” ಎಂದ. ಅವನಿಗೆ ನಗು ತಡೆಯಲಾಗಲಿಲ್ಲ. ಅವತ್ತು ಮಧ್ಯಾಹ್ನದೊಳಗೆ ಅದನ್ನು ಗುಂಪಿನಲ್ಲಿ ಹಾಕಿಯೂ ಬಿಟ್ಟ. ಬಾವಿಯ ಕಾಕಾ ತಕ್ಷಣ ಉತ್ತರ ಕೊಟ್ಟ. ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ನನ್ನ ಮರ್ಯಾದೆ ಹೋದದ್ದು ಹೋಗಲಿ, ಅಕ್ಕ ಕರಗುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಗಿಲಿನ ತನಕ ಬಂದಳು, ಆದರೆ ಕಣ್ಣು ಗಂಡನ ಮೇಲೆಯೇ.

“ಅವಗ ಹೇಳ್ರಿ. ನೋಡಿ ಚಂದಿಲ್ಲ ಅಂದಿದ್ರ ನಾ ತಡಕೋತಿದ್ದೆ. ನೋಡಲಾರ್ದ ಇಲ್ಲ ಅಂದ್ನಲ್ಲ, ಅದು ಹೊಟ್ಟಿಗೆ ಹತ್ತೇತಿ. ಇನ್ನ ನಾ ಆ ಸಿನಿಮಾ ನೋಡಂಗಿಲ್ಲ.”

ಅಷ್ಟೇ ಹೇಳಿ ಒಳಗೆ ಹೋದಳು. ನನಗೆ ನಿಜವಾಗಿಯೂ ಅಳು ಬಂತು. ನಾನು ಹುಟ್ಟಿದಾಗಿನಿಂದ ಅಕ್ಕ ನನಗೆ ಎಷ್ಟೋ ಬೈದಿದ್ದಾಳೆ, ಹೊಡೆದಿದ್ದಾಳೆ, ಆದರೆ ನನ್ನ ಎದುರಿಗೆ ನಿಂತು ಬೇರೆಯವರೊಡನೆ ನನ್ನ ಬಗ್ಗೆ ಮಾತಾಡಿರಲಿಲ್ಲ.

ಸಿನಿಮಾ ಗುರುವಾರದ ತನಕ ಮಾತ್ರ. ಶುಕ್ರವಾರ ಹೊಸದು ಬರುತ್ತದೆ, ಇದನ್ನು ಎತ್ತುತ್ತಾರೆ. ಇಂಥ ಸಿನಿಮಾ ಮತ್ತೆ ಟಾಕೀಜಿಗೆ ಬರುವ ಮಾತಿಲ್ಲ. ಅವಳು ಅದನ್ನು ನೋಡದೇ ಹೋದರೆ ಈ ಸಿಟ್ಟು ಸಾಯುವ ತನಕ ಉಳಿಯುತ್ತದೆ ಎಂದು ನನಗೆ ಖಾತ್ರಿ ಇತ್ತು. ನಮ್ಮ ಮನೆತನದ ಹೆಂಗಸರು ನನಗೆ ಗೊತ್ತಿಲ್ಲವೇ? ಸೋಮವಾರ, ಮಂಗಳವಾರ, ಬುಧವಾರ ಮಾಮಾನ ಕಾಲು ಹಿಡಿದೆ. ಅವನು ಅವಳ ಕಾಲು ಹಿಡಿದನೋ ಏನೋ, ಬುಧವಾರ ಸಂಜೆ ಫೋನು ಮಾಡಿದ.

“ನಾಳೆ ಮ್ಯಾಟ್ನಿಗೆ ಬರ್ತಾಳಂತ. ಆದ್ರ ನಿನ್ನ ಮಗ್ಗಲಕ ಕುಂದ್ರಂಗಿಲ್ಲಂತ, ನಾ ನಡುವ ಕುಂದರಬೇಕಂತ. ಮತ್ತ ಇನ್ನೊಂದು. ತಡಾ ಮಾಡಿ ಬಂದ್ರ ಮನಿ ಹೊಸ್ತಿಲ ತುಳಿಬ್ಯಾಡ ಅಂತ ಹೇಳು ಅಂದಾಳ.”

ಗುರುವಾರ ನಮ್ಮಲ್ಲಿ ಮಾರುಕಟ್ಟೆಯ ದಿನ. ಬೆಳಗಿನಿಂದ ಯಾರ್ಡಿನಲ್ಲಿ ಓಡಾಡಿ, ಚೀಲಕ್ಕೆ ಕೈ ಹಾಕಿ ಹಾಕಿ, ಟೆಂಡರಿಗೆ ದರದ ಚೀಟಿ ಬರೆದುಕೊಟ್ಟವನೇ ಊಟವನ್ನೂ ಮಾಡದೆ ರಾಣೆಬೆನ್ನೂರಿಗೆ ಗಾಡಿ ಹೊಡೆದೆ. ಆಟ ಶುರುವಾಗುವ ಮುಂಚೆಯೇ ನನ್ನನ್ನು ಕಂಡ ಗೇಟಿನವನು ಗಾಬರಿಯಾದ.

“ಯಾಕ್ರಿ, ಗಡಿಯಾರ ಕೆಟ್ಟೈತೇನ್ರಿ?”

ಒಳಗೆ ಹತ್ತು ಹನ್ನೆರಡು ಜನ. ಅಕ್ಕ ಗೋಡೆಯ ಕಡೆ, ಮಾಮಾ ನಡುವೆ, ನಾನು ಈ ಕಡೆ. ದೀಪ ಆರಿದವು. ಎಷ್ಟೋ ವರ್ಷಗಳ ನಂತರ ಸಿನಿಮಾದ ತಲೆಯನ್ನು ನೋಡುತ್ತಿದ್ದೆ. ತಂಬಾಕಿನ ಎಚ್ಚರಿಕೆ ಬಂತು, ಬಂಗಾರದ ಅಂಗಡಿಯ ಜಾಹೀರಾತು ಬಂತು, ಹೆಸರುಗಳು ಬಂದವು. ಆಮೇಲೆ ನಾನು ಹೇಳಿದ್ದೆನಲ್ಲ, ಬೂಟು. ಸದ್ಯ, ಹಾಡು ಬರಲಿಲ್ಲ. ಹೊಳೆ ಕಾಣಿಸಿತು, ಬೆಳಗಿನ ಬಿಸಿಲು, ಒಂದು ಪಡಸಾಲೆ, ಒಲೆ.

ಮೊದಲು ಕಂಡದ್ದು ಕೈ. ಟಪ್ ಟಪ್ ಎಂದು ಹಿಟ್ಟಿನ ಮುದ್ದೆಯನ್ನು ಬಡಿಯುತ್ತ, ತಿರುಗಿಸುತ್ತ, ಅಗಲ ಮಾಡುತ್ತ. ಮುಖ ತೋರಿಸುವ ಮುಂಚೆಯೇ ನನಗೆ ಗೊತ್ತಾಯಿತು. ಆ ಕೈಯ ರೊಟ್ಟಿ ತಿಂದೇ ನಾನು ಬೆಳೆದದ್ದು. ಅವ್ವ ಹೊಲಕ್ಕೆ ಹೋದ ದಿನಗಳಲ್ಲಿ ಹನ್ನೆರಡು ವರ್ಷದ ಅಕ್ಕ ಹೀಗೆಯೇ ಒಲೆಯ ಮುಂದೆ ಕುಳಿತು ಬಡಿಯುತ್ತಿದ್ದಳು. ಆಮೇಲೆ ಮುಖ ಬಂತು, ಇಷ್ಟಗಲದ ಪರದೆಯ ತುಂಬ ನಮ್ಮಕ್ಕ. ಅವಳು ರೊಟ್ಟಿಯನ್ನು ಹೀರೋನ ತಾಟಿಗೆ ಹಾಕಿ, ಅವನ ಮುಖ ನೋಡಿ, ಬಾಯಿ ತೆರೆದಳು.

“ಊಟ ಮಾಡ್ಕೊಂಡು ಹೋಗಪ್ಪಾ, ತಣ್ಣಗಾಗ್ಬಿಡುತ್ತೆ,” ಎಂದಿತು ಒಂದು ದನಿ. ಸಣ್ಣ, ಸಕ್ಕರೆ ಹಾಕಿದಂಥ, ಎಲ್ಲಿಯದೋ ಹುಡುಗಿಯ ದನಿ.

“ಅಯ್ಯ ಅಯ್ಯ! ಇದ್ಯಾರ ಧ್ವನಿ?” ಎಂದಳು ಅಕ್ಕ, ಗಟ್ಟಿಯಾಗಿ.

ಹಿಂದಿನ ಸಾಲಿನಿಂದ ಒಬ್ಬ, “ಯಮ್ಮಾ, ಸುಮ್ಮ ಕುಂದರ್ರಿ, ಸಿನಿಮಾ ನೋಡಾಕ ಬಿಡ್ರಿ,” ಎಂದ.

ಅಕ್ಕ ಎದ್ದೇ ನಿಂತಳು. “ಏನ ನೋಡ್ತೀಯೋ? ಅದರಾಗ ಇರಾಕಿನ ನಾನು! ಉಂಡು ಹೋಗೋ ತಮ್ಮಾ, ರೊಟ್ಟಿ ಆರ್ತಾವ ಅಂದಿದ್ದೆ ನಾನು. ಇದನ್ಯಾರು ಹೇಳಿದ್ರು ಇಲ್ಲೆ?”

ಟಾಕೀಜಿನಲ್ಲಿದ್ದ ಅಷ್ಟೂ ಜನ ಪರದೆ ಬಿಟ್ಟು ಅವಳನ್ನು ನೋಡಿದರು. ಓಣಿಯವರಿಗೆ ಇದು ಗೊತ್ತೇ ಆಗಿರಲಿಲ್ಲ. ಶುಕ್ರವಾರ ಅವಳ ಮುಖ ಬಂದಕೂಡಲೇ ಅವರು ಶಿಳ್ಳೆ ಹೊಡೆದು, ಚಪ್ಪಾಳೆ ತಟ್ಟಿ, ದನಿ ಕೇಳದ ಹಾಗೆ ಮಾಡಿಕೊಂಡಿದ್ದರು. ಮಾಮಾನಿಗೆ ಬಸ್ಸಿನ ಇಂಜಿನ್ನಿನಿಂದ ಒಂದು ಕಿವಿ ಮೊದಲೇ ಮಂದ. ನನಗೆ ಸಿಟ್ಟೂ ದುಃಖವೂ ಒಟ್ಟಿಗೆ ಉಕ್ಕಿ ಬಂದು, ಮರೆತು ಕಣ್ಣೊರೆಸಿಕೊಂಡೆ. ಬೆಳಗಿನಿಂದ ಚೀಲದಲ್ಲಿ ಆಡಿದ ಕೈ! ಎರಡೂ ಕಣ್ಣು ಬೆಂಕಿಯಾದವು. ಗದ್ದಲ ಕೇಳಿ ಬ್ಯಾಟರಿ ಹಿಡಿದು ಬಂದ ಗೇಟಿನವನು ನನ್ನ ಮುಖಕ್ಕೆ ಬೆಳಕು ಬಿಟ್ಟ. ಕಣ್ಣೀರು ಧಾರಾಕಾರ ಸುರಿಯುತ್ತಿತ್ತು.

“ಇಷ್ಟ ಲಗೂ ಅಳು ಸೀನ್ ಬಂತೇನ್ರಿ?” ಎಂದ ಅವನು. “ನೀವು ಮೊದಲಿಂದ ನೋಡಬಾರ್ದು, ನಿಮಗ ತಡ್ಯಂಗಿಲ್ಲ.”

ಮಾಮಾ ಅಕ್ಕನ ಸೆರಗು ಹಿಡಿದು ಕುಳ್ಳಿರಿಸಿದ. ಆಮೇಲಿನ ಎರಡು ತಾಸು ಕಾರು ಬಂದವು, ಕೋಟು ಬಂದವು, ಯಾರೋ ಯಾರನ್ನೋ ಮದುವೆಯಾದರು. ನಾವು ಮೂವರೂ ಪರದೆಯನ್ನು ನೋಡುತ್ತ ಏನನ್ನೂ ನೋಡಲಿಲ್ಲ.

ಹೊರಗೆ ಬಂದಾಗ ಬಿಸಿಲು ಇನ್ನೂ ಇತ್ತು. ಟಾಕೀಜಿನ ಮೆಟ್ಟಿಲ ಮೇಲೆ ಅಕ್ಕ ನಿಂತಳು. ಸೆರಗು ಸರಿಮಾಡಿಕೊಂಡು ಗಂಡನಿಗೆ ಹೇಳಿದಳು, “ಕೇಳ್ರಿ ಅವನ್ನ, ಹೆಂಗಿತ್ತು ಅಂತ.”

“ಹೆಂಗಿತ್ತಪಾ?” ಎಂದ ಮಾಮಾ, ಕಣ್ಣಲ್ಲೇ ಚಲೋ ಅನ್ನು, ಚಲೋ ಅನ್ನು ಎಂದು ಬೇಡಿಕೊಳ್ಳುತ್ತ.

ಎಷ್ಟೋ ಸಿನಿಮಾಗಳ ಮೇಲೆ ನಾಲಿಗೆ ಹರಿಬಿಟ್ಟವನು ನಾನು. ಅವತ್ತು ಒಂದೊಂದೇ ಮಾತನ್ನು ಆರಿಸಬೇಕಾಯಿತು. ಭಾರೀ ಇತ್ತು ಎಂದರೆ ಮುಗಿಯುತ್ತಿತ್ತು, ಇಡೀ ಓಣಿ ಅದನ್ನೇ ಹೇಳಿತ್ತು. ಆದರೆ ಅವಳು ಆರು ದಿನ ಕಾದು ಕುಳಿತದ್ದು ಆ ಮಾತಿಗಲ್ಲ ಎಂದು ನನಗೆ ಗೊತ್ತಿತ್ತು. ಉರಿಯುವ ಕಣ್ಣನ್ನು ಕಿರಿದು ಮಾಡಿಕೊಂಡು ಅವಳ ಕಡೆಗೇ ತಿರುಗಿದೆ.

“ಆ ಧ್ವನಿ ಹೊಲಸು ಐತಿ, ಅದು ನಿನ್ನ ತಪ್ಪಲ್ಲ, ಅವರ ತಪ್ಪು,” ಎಂದೆ. “ರೊಟ್ಟಿ ಬಡಿಯೋದು ಖರೇ. ತಾಟಿಗೆ ಹಾಕುವಾಗ ತಾಟು ನೋಡಲಾರ್ದ ಅವನ ಮುಖಾ ನೋಡಿದೆಲ್ಲ, ಅದು ಖರೇ ಅಂದ್ರ ಖರೇ. ಅಂಥಾದ್ದು ಆ ಸಿನಿಮಾದಾಗ ಮತ್ತೊಂದಿಲ್ಲ.”

ಮಾಮಾ ಉಸಿರು ಬಿಟ್ಟ. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲು ಬರಲಿಲ್ಲ.

“ಆದ್ರ ರೊಟ್ಟಿ ಹಂಚಿಗೆ ಹಾಕೂ ಮುಂದ ಒಂದ ಸಲ ಕ್ಯಾಮೆರಾ ಕಡೆ ಕಣ್ಣು ಹೊಳ್ಳಿಸಿದಿ. ಕಳ್ಳರ ಗತೆ. ಅದು ತಪ್ಪು.”

ಮಾಮಾ ನನ್ನ ಕಾಲು ತುಳಿದ. ಜೋರಾಗಿಯೇ ತುಳಿದ. ಅಕ್ಕನ ಮೂಗು ಕೆಂಪಾಯಿತು. ಆಮೇಲೆ ಗಂಡನನ್ನು ಕೈಯಿಂದ ಪಕ್ಕಕ್ಕೆ ಸರಿಸಿ ನನ್ನ ಎದುರಿ‌ಗೆ ಬಂದಳು.

“ಹೊಳ್ಳಿಸಿದ್ದೆ,” ಎಂದಳು. “ಅವತ್ತ ಗೊತ್ತಾಗಿತ್ತು ನನಗ. ಇನ್ನೊಮ್ಮೆ ಮಾಡ್ತೇನ್ರಿ ಅಂದೆ, ಬಿಸಲು ಏರತೈತಿ, ಇರ್ಲಿ ಬಿಡ್ರಿ ಅಂದ್ರು. ಓಣಿ ಮಂದಿ ಎಲ್ಲಾ ಭಾರೀ ಅಂದ್ರು. ಇವರೂ ಭಾರೀ ಅಂದ್ರು. ಒಬ್ರರ ಆ ಕಣ್ಣು ಹೇಳ್ತಾರೇನೋ ಅಂತ ಹಾದಿ ಕಾದೆ.”

ಸೆರಗಿನಿಂದ ಮೂಗು ಒರೆಸಿಕೊಂಡಳು.

“ಯಾರೂ ನನ್ನ ನೋಡೇ ಇಲ್ಲೋ ತಮ್ಮಾ. ನೀ ನೋಡಿದಿ.”